ಕಾರಿನ ಕಾಣೆಯಾದ ಎರಡು ಬಾಗಿಲು

ವಾಹನಕ್ಕೆ ನಾಲ್ಕು ಬಾಗಿಲುಗಳಿರುತ್ತವೆ. ಇದು ನನ್ನ ಅಭಿಪ್ರಾಯವಲ್ಲ, ನಮ್ಮ ಕಚೇರಿಯ ನಮೂನೆ ಹದಿನೇಳರಲ್ಲಿ ಅಚ್ಚಾಗಿರುವ ಸಂಗತಿ. ಅಲ್ಲಿ 'ಬಾಗಿಲುಗಳು: ನಾಲ್ಕು' ಎಂದಿದ್ದು, ಪಕ್ಕದಲ್ಲಿ 'ಇವೆ' ಮತ್ತು 'ಕಾಣೆಯಾಗಿವೆ' ಎಂಬ ಎರಡು ಚೌಕಗಳಿವೆ. ಹಳೆಯ ವಾಹನಗಳ ಅರ್ಹತಾ ಪರೀಕ್ಷಾ ಕಚೇರಿಯಲ್ಲಿ ಹತ್ತೊಂಬತ್ತು ವರ್ಷಗಳಿಂದ ಗುಮಾಸ್ತನಾಗಿರುವ ನಾನು ಆ ಚೌಕಗಳಲ್ಲಿ ಗುರುತು ಹಾಕಿಕೊಂಡೇ ಮನೆ ಕಟ್ಟಿದೆ, ಮಗಳ ಮದುವೆ ಮಾಡಿದೆ. ಒಂದು ದಿನವೂ ಮೂರನೆಯ ಚೌಕ ಬೇಕೆನಿಸಲಿಲ್ಲ.

ಹೀಗಿರುವಾಗ ಒಂದು ಸೋಮವಾರ ಬೆಳಿಗ್ಗೆ ನಿವೃತ್ತ ಡ್ರೈವರೊಬ್ಬ ನಮ್ಮ ಅಂಗಳಕ್ಕೆ ಎರಡೇ ಬಾಗಿಲಿನ ಕಾರು ತಂದು ನಿಲ್ಲಿಸಿದ. ಕಾರಿಗೆ ಆ ತಿಂಗಳ ಕೊನೆಗೆ ಮೂವತ್ತು ತುಂಬುತ್ತಿತ್ತು. ಅಷ್ಟರೊಳಗೆ ಅರ್ಹತಾ ಪತ್ರ ಸಿಗದಿದ್ದರೆ ಗುಜರಿ ಯಂತ್ರಕ್ಕೆ ಹೋಗತಕ್ಕದ್ದು ಎಂಬುದು ನಿಯಮ. ಸಾರ್ವಜನಿಕರ ಅನುಕೂಲಕ್ಕಾಗಿ ಯಂತ್ರವನ್ನು ನಮ್ಮ ಹಿತ್ತಲಲ್ಲೇ ಇಟ್ಟಿದ್ದೇವೆ.

ಅದು ಹಳೇ ಕಾಲದ ಐಷಾರಾಮಿ ಸ್ಪೋರ್ಟ್ಸ್ ಕಾರು. ಉದ್ದ ಮೂತಿ, ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗು, ಒಳಗೆ ಬಿರುಕುಬಿಟ್ಟ ಚರ್ಮದ ಸೀಟು, ಮರದ ಡ್ಯಾಶ್‌ಬೋರ್ಡು. ಹಿಂದೆ ಸೀಟು ಎಂದು ಕರೆಯಲಾಗುವ ಒಂದು ಸಂದಿ. ಬಾಗಿಲು ಹಾಕುವಾಗ ಸ್ವಲ್ಪ ಎತ್ತಿ ಹಾಕಬೇಕು, ಇಲ್ಲದಿದ್ದರೆ ಮುನಿಸಿಕೊಳ್ಳುತ್ತದೆ. ದೀಪದ ಸ್ವಿಚ್ ಒತ್ತಿದರೆ ಮೂತಿಯೊಳಗೆ ಅಡಗಿದ್ದ ಎರಡು ದೀಪಗಳು ಮೇಲೇಳುತ್ತವೆ. ಎಡಗಡೆಯದು ಸ್ವಲ್ಪ ತಡ. ನಮ್ಮ ಕಚೇರಿಯ ಇನ್ಸ್‌ಪೆಕ್ಟರ್ ಸಾಹೇಬರು ಎದುರಿಗೆ ನಿಂತಾಗಲೇ ಅದು ಹಾಗೆ ಮಾಡಿತು. 'ವಾಹನವು ತನಿಖಾಧಿಕಾರಿಗಳಿಗೆ ಕಣ್ಣು ಹೊಡೆದಿರುತ್ತದೆ' ಎಂದು ನಾನು ಷರಾ ಬರೆದುಕೊಂಡೆ.

ಸಾಹೇಬರು ಕಾರನ್ನು ಎರಡು ಸುತ್ತು ಹಾಕಿ ಬಂದರು.

"ಎಲ್ರೀ ಇನ್ನೆರಡು ಬಾಗಿಲು?"

"ಇದಕ್ಕೆ ಇರೋದೇ ಎರಡು ಸಾರ್."

"ಇರೋದು ಎರಡು ಅಂತ ನಂಗೂ ಕಾಣ್ತಿದೆ ಯಜಮಾನ್ರೇ. ನಾನು ಕೇಳಿದ್ದು ಇಲ್ಲದೇ ಇರೋ ಎರಡು ಎಲ್ಲಿ ಅಂತ."

ಅರ್ಜಿದಾರನಾದ ಡ್ರೈವರು ಇರುವ ಎರಡನ್ನೂ ತೆರೆದು ತೋರಿಸಿದ. ಆಮೇಲೆ ಕಥೆ ಶುರು ಮಾಡಿದ. ನಾಲ್ಕು ವರ್ಷ ಹಳೆಯದಾಗಿದ್ದ ಕಾರನ್ನು ಕೊಂಡಿದ್ದ ಧಣಿಗೆ ಕ್ಲಚ್ ಒತ್ತಲು ಬರುತ್ತಿರಲಿಲ್ಲವಂತೆ. ಹಾಗಾಗಿ ಇವನು ಇಪ್ಪತ್ತಾರು ವರ್ಷ ಓಡಿಸಿದನಂತೆ. ಪಕ್ಕದ ಸೀಟಿನಲ್ಲಿ ಮೊದಲು ಧಣಿ, ಧಣಿಗೆ ಸೊಂಟ ಹಿಡಿದ ಮೇಲೆ ಧಣಿಯ ನಾಯಿ. ಧಣಿ ಹೋದ ತಿಂಗಳು ಸಾಯುವ ಮುಂಚೆ ಕಾರನ್ನು ಇವನ ಹೆಸರಿಗೆ ಬರೆದಿಟ್ಟಿದ್ದನಂತೆ.

"ನನ್ನ ಹೆಂಡ್ತಿ ಧಣಿ ಮನೆ ಗೇಟು ತೆಗೆದು ನಿಂತ್ಕೊಳ್ಳೋಳು ಸಾರ್. ಈ ಸೀಟಲ್ಲಿ ನಾಯಿ ಕೂತು ಹೋಗೋದನ್ನ ಎಷ್ಟು ವರ್ಷ ನೋಡಿದಾಳೋ. ಒಂದೇ ಒಂದು ಸಲ ಅವಳನ್ನ ಕೂರಿಸ್ಕೊಂಡು ಊರಾಚೆ ರಸ್ತೇಲಿ ಹೋಗ್ಬರ್ಬೇಕು. ಮಾತು ಕೊಟ್ಟಿದೀನಿ."

ಮಾತಿಗೆ ನಮ್ಮ ನಮೂನೆಯಲ್ಲಿ ಕಲಮು ಇಲ್ಲ. ನಾನು 'ಕಾಣೆಯಾಗಿವೆ' ಚೌಕದಲ್ಲಿ ಗುರುತು ಹಾಕಿ, ಬಾಗಿಲು ಕಾಣೆಯಾದ ಬಗ್ಗೆ ಪೊಲೀಸ್ ದೂರಿನ ಪ್ರತಿ ತರುವಂತೆ ಸೂಚಿಸಿದೆ.

ಠಾಣೆಯಲ್ಲಿ ದೂರು ಬರೆದುಕೊಳ್ಳುವ ಬರಹಗಾರ ಸಜ್ಜನ. ಕುರ್ಚಿ ಕೊಟ್ಟು, ಕೊನೇ ಸಲ ಬಾಗಿಲುಗಳನ್ನು ನೋಡಿದ್ದು ಯಾವಾಗ ಎಂದು ಕೇಳಿದನಂತೆ.

"ನೋಡೇ ಇಲ್ಲ ಸಾರ್."

"ಅಂದ್ರೆ ಇಪ್ಪತ್ತಾರು ವರ್ಷದಿಂದ ಕಳುವಾಗಿದೆ, ಈಗ ಬಂದು ಹೇಳ್ತಿದೀರಾ? ಯಾರ ಮೇಲಾದ್ರೂ ಅನುಮಾನ?"

"ಯಾರ ಮೇಲೂ ಇಲ್ಲ."

"ಕಾರು ಯಾವಾಗ್ಲೂ ಯಾರ ಕೈಲಿತ್ತು?"

"ನನ್ನ ಕೈಲೇ."

"ಹಂಗಾದ್ರೆ ಅನುಮಾನ ಇದೆ," ಎಂದು ಬರಹಗಾರ ಬರೆದುಕೊಂಡ. ಹೀಗೆ ಅರ್ಜಿದಾರ ಒಂದೇ ಮಧ್ಯಾಹ್ನದಲ್ಲಿ ದೂರುದಾರನೂ ಆರೋಪಿಯೂ ಆಗಿ, ತನ್ನ ಮೇಲೆ ತಾನೇ ಕಣ್ಣಿಟ್ಟಿರುವುದಾಗಿ ಮುಚ್ಚಳಿಕೆ ಬರೆದುಕೊಟ್ಟು ಬಂದ.

ಬಾಗಿಲು ಸಿಗುವವರೆಗೆ ಕಚೇರಿ ಸುಮ್ಮನೆ ಕೂರಲಿಲ್ಲ, ಕೆಲಸಗಳ್ಳರೆಂದು ನಮ್ಮನ್ನು ಯಾರೂ ಅನ್ನುವಂತಿಲ್ಲ. ಸಾಹೇಬರು ಸಂಚಾರ ಪರೀಕ್ಷೆ ಕೈಗೊಂಡರು. ಅರ್ಜಿದಾರ ಐದು ನಿಮಿಷ ಎಂಜಿನ್ ಬೆಚ್ಚಗೆ ಮಾಡಿದ, ತಲೆ ವಾಲಿಸಿ ಅದರ ಸದ್ದು ಕೇಳಿದ, "ಈಗ ಹೊರಡ್ತೀಯೇನಮ್ಮ" ಎಂದು ಸ್ಟೀರಿಂಗ್ ಸವರಿದ. ರಸ್ತೆಯ ಉಬ್ಬು ಬಂದಲ್ಲೆಲ್ಲ ಕಾರನ್ನು ಓರೆ ಮಾಡಿ, ಹೊಟ್ಟೆ ತರಚದಂತೆ ಒಂದೊಂದೇ ಚಕ್ರ ದಾಟಿಸಿದ. ನೇರ ರಸ್ತೆ ಸಿಕ್ಕಾಗ ಕಾಲು ಒತ್ತಿದ. ಸಾಹೇಬರು ವಾಪಸು ಬಂದಾಗ ಅವರ ಕೂದಲು ಹಿಂದಕ್ಕೆ ಬಾಚಿಕೊಂಡಿತ್ತು, ಮುಖ ಹುಡುಗನದಾಗಿತ್ತು.

"ಪರೀಕ್ಷೆ ಇನ್ನೂ ಪೂರ್ತಿ ಆಗಿಲ್ಲ," ಎಂದರು.

ಮರುದಿನ ಮತ್ತೆ ಪರೀಕ್ಷೆ. ಅದರ ಮರುದಿನ ಸಾಹೇಬರ ತೂಕಕ್ಕೆ ಮಾತ್ರ ಕಾರು ಒಗ್ಗಿದೆಯೇ ಎಂದು ನೋಡಲು ಅವರ ಅತ್ತೆಯವರ ತೂಕದಲ್ಲಿ ಪರೀಕ್ಷೆ. ನಂತರ ಬಾಸ್ಕೆಟ್ ಹಿಡಿದ ಸಾಹೇಬರ ಶ್ರೀಮತಿಯವರೊಂದಿಗೆ ತರಕಾರಿ ಮಾರುಕಟ್ಟೆಯವರೆಗೆ ಪರೀಕ್ಷೆ. ಸತ್ಯ ಮುಚ್ಚಿಡಬಾರದು, ಒಂದು ಸಲ ನಾನೂ ಪರೀಕ್ಷೆ ಮಾಡಿದೆ. ಆಹಾ, ಏನು ಓಟ!

ಈ ಅವಧಿಯಲ್ಲಿ ಖಾಸಗಿ ವ್ಯಕ್ತಿಗಳು ಕಾರಿನಲ್ಲಿ ಕೂರುವಂತಿರಲಿಲ್ಲ. ಅರ್ಜಿದಾರನ ಹೆಂಡತಿ ದಿನಾ ಗಂಡನಿಗೆ ಊಟದ ಡಬ್ಬಿ ತಂದು, ನಮ್ಮ ಗೇಟಿನ ಕಂಬಿ ಹಿಡಿದು ನಿಲ್ಲುತ್ತಿದ್ದಳು. ಕಾರು ಬುರ್ರೆಂದು ಮುಂದೆ ಹೋಗುವಾಗ ಪಕ್ಕದ ಸೀಟಿನಲ್ಲಿ ಯಾರಿದ್ದಾರೆಂದು ಬಗ್ಗಿ ನೋಡುತ್ತಿದ್ದಳು.

"ನಾಯಿನೇ ಎಷ್ಟೋ ವಾಸಿಯಿತ್ತು ಕಣ್ರೀ," ಎಂದು ಒಂದು ದಿನ ಗಂಡನಿಗೆ ಹೇಳಿದ್ದು ನನ್ನ ಕಿವಿಗೂ ಬಿತ್ತು. ಸಾಹೇಬರ ಅತ್ತೆಯವರ ಕುರಿತಾದ ಮಾತಾದ್ದರಿಂದ ನಾನು ಅದನ್ನು ಕಡತಕ್ಕೆ ಸೇರಿಸಲಿಲ್ಲ.

ತಿಂಗಳ ಕೊನೆಗೆ ಎರಡು ದಿನ ಉಳಿದಿದ್ದಾಗ ಪೊಲೀಸರು ಅದ್ಭುತ ಮಾಡಿದರು. ಬಾಗಿಲುಗಳು ಸಿಕ್ಕಿದವು! ಸಾಹೇಬರ ಭಾಮೈದ ನಮ್ಮ ಗೇಟಿನ ಎದುರಿಗೇ ಏಜೆಂಟ್ ಅಂಗಡಿ ಇಟ್ಟುಕೊಂಡಿದ್ದಾನೆ. ಬಾಗಿಲುಗಳು ಅವನ ಅಂಗಡಿಯ ಹಿಂಗೋಡೆಗೆ ಒರಗಿ ನಿಂತಿದ್ದವಂತೆ. ಯಾವುದೋ ಪುಟ್ಟ ಕಾರಿನ ಹಿಂಬಾಗಿಲುಗಳು, ನೀಲಿ ಬಣ್ಣ. ಅರ್ಜಿದಾರನ ಕಾರು ಬಿಳಿ. 'ಕಳುವಾದ ಮೇಲೆ ಬಣ್ಣ ಬದಲಿಸಿರುವ ಸಂಭವವಿದೆ' ಎಂದು ಬರಹಗಾರ ಬರೆದ. ಭಾಮೈದನು ಬಾಗಿಲುಗಳನ್ನು ಇಷ್ಟು ದಿನ ಜೋಪಾನ ಮಾಡಿದ್ದಕ್ಕೆ ಅರ್ಜಿದಾರನಿಂದ ಅವನಿಗೆ ಜೋಪಾನ ಶುಲ್ಕ ಸಂದಾಯವಾಯಿತು.

ಅರ್ಜಿದಾರ ಬಾಗಿಲುಗಳ ಮುಂದೆ ತಲೆ ಮೇಲೆ ಕೈ ಹೊತ್ತು ಕೂತ.

"ಇವನ್ನ ಎಲ್ಲಿ ಜೋಡಿಸ್ಲಿ ಸಾರ್? ಕಾರನ್ನ ಕೊಯ್ಯಬೇಕಾಗತ್ತೆ."

"ಜೋಡ್ಸೋದು ಬಿಡೋದು ನಿಮ್ಮಿಷ್ಟ ಯಜಮಾನ್ರೇ. ನಮ್ಮದು ಎಣಿಸೋ ಇಲಾಖೆ," ಎಂದರು ಸಾಹೇಬರು.

ಒಂದು ಬಾಗಿಲನ್ನು ಹಿಂದಿನ ಸಂದಿಯಲ್ಲಿ ಹೇಗೋ ತುರುಕಿದ್ದಾಯಿತು. ಇನ್ನೊಂದಕ್ಕೆ ಪಕ್ಕದ ಸೀಟೇ ಗತಿ. ಸಾಹೇಬರು ನನ್ನಿಂದ ಆದೇಶ ಬರೆಸಿದರು:

'ಸದರಿ ವಾಹನದ ಬಾಗಿಲುಗಳನ್ನು ಎಣಿಸಲಾಗಿ ನಾಲ್ಕು ಕಂಡುಬಂದಿರುತ್ತವೆ. ನಾಲ್ಕನೆಯ ಬಾಗಿಲು ಸಂಚಾರ ಕಾಲದಲ್ಲಿ ಅಲುಗಾಡದಂತೆ ಬಾಗಿಲು ಪಾಲಕರೊಬ್ಬರು ಅದನ್ನು ಮಡಿಲಲ್ಲಿ ಹಿಡಿದು ಪಕ್ಕದ ಸೀಟಿನಲ್ಲಿ ಕೂರತಕ್ಕದ್ದು. ಪಾಲಕರಿಗೆ ಸೂಕ್ತ ಅನುಭವ ಇರತಕ್ಕದ್ದು.'

ಪಾಲಕನ ಕೆಲಸಕ್ಕೆ ಭಾಮೈದ ಆಗಲೇ ಅಂಗಿಯ ತೋಳು ಮಡಚಿಕೊಂಡು ಬಂದಿದ್ದ. ಅರ್ಜಿದಾರನ ಮುಖ ನೋಡಲಾಗಲಿಲ್ಲ. ಹಿತ್ತಲಲ್ಲಿ ಯಂತ್ರ ಯಾರದೋ ಕಾರನ್ನು ಅಗಿಯುತ್ತಿತ್ತು. ಆಗ ಗೇಟಿನಿಂದ ಡಬ್ಬಿ ಹಿಡಿದುಕೊಂಡೇ ಹೆಂಡತಿ ಒಳಗೆ ಬಂದಳು.

"ಸಾರ್, ಬಾಗಿಲು ನಾನು ಹಿಡ್ಕೋತೀನಿ."

"ಅನುಭವ ಇದೆಯೇನಮ್ಮ?"

"ಇಪ್ಪತ್ತಾರು ವರ್ಷ ಗೇಟು ಹಿಡ್ಕೊಂಡು ನಿಂತಿದೀನಿ."

ಸಾಹೇಬರು ನನ್ನತ್ತ ನೋಡಿದರು. ಗೇಟು ಬಾಗಿಲಿಗಿಂತ ದೊಡ್ಡದಾದ್ದರಿಂದ ಅನುಭವವನ್ನು ಪರಿಗಣಿಸಬಹುದು ಎಂದು ನಾನು ಟಿಪ್ಪಣಿ ಇಟ್ಟೆ, ಅರ್ಹತಾ ಪತ್ರಕ್ಕೆ ಸಾಹೇಬರ ಸಹಿ ಬಿತ್ತು. ನಾನು ಮಾಡಿದ ಒಳ್ಳೆಯ ಕೆಲಸವೆಂದರೆ ಇದೊಂದೇ, ಇದಕ್ಕೂ ಮೇಲಿನವರು ವಿವರಣೆ ಕೇಳಿದ್ದಾರೆ.

ಅರ್ಜಿದಾರ ಬಿಳಿ ಬಾಗಿಲನ್ನು ತೆರೆದು ಹೆಂಡತಿಯನ್ನು ಕೂರಿಸಿದ. ನೀಲಿ ಬಾಗಿಲನ್ನು ಅವಳ ಮಡಿಲಲ್ಲಿಟ್ಟ. ಬಿಳಿಯದನ್ನು ಸ್ವಲ್ಪ ಎತ್ತಿ ಹಾಕಿದ. ನೀಲಿ ಬಾಗಿಲಿನ ಗಾಜಿನಾಚೆ ಅವಳ ಮುಖ ಮಾತ್ರ ಕಾಣುತ್ತಿತ್ತು, ಅದು ನಗುತ್ತಿತ್ತು. ಅವನು ಕಣ್ಣೊರೆಸಿಕೊಂಡು ಎಂಜಿನ್ ಶುರು ಮಾಡಿದ. ನನಗೂ ಕಣ್ಣೊರೆಸಿಕೊಳ್ಳಬೇಕೆನಿಸಿತು, ಆದರೆ ಕಚೇರಿ ಸಮಯವಾದ್ದರಿಂದ ತಡೆದುಕೊಂಡೆ.

ಈಗ ಎರಡು ಬಾಗಿಲಿನ ಕಾರುಗಳೆಲ್ಲ ಭಾಮೈದನ ಅಂಗಡಿಯ ಮುಂದೆ ಸಾಲು ನಿಲ್ಲುತ್ತವೆ. ಅವನು ಬಾಗಿಲುಗಳನ್ನು ಬಾಡಿಗೆಗೆ ಕೊಡುತ್ತಾನೆ. ಅಂತಸ್ತಿನವರು ಮಡಿಲ ಬಾಗಿಲಿಗೆ ಚರ್ಮದ ಹೊದಿಕೆ ಹಾಕಿಸಿಕೊಂಡಿದ್ದಾರೆ. ನಾಲ್ಕು ಬಾಗಿಲಿನ ಕಾರಿನವರು, ತಮ್ಮ ಮಡಿಲು ಖಾಲಿ ಎಂದು ಹೊಟ್ಟೆ ಉರಿದುಕೊಂಡು, ಐದನೆಯದಕ್ಕೆ ಅರ್ಜಿ ಹಾಕಿದ್ದಾರೆ.

ಡ್ರೈವರು ಮತ್ತು ಹೆಂಡತಿ ಪ್ರತಿ ಭಾನುವಾರ ಊರಾಚೆ ಹೋಗಿ ಬರುತ್ತಾರೆ. ಮೊನ್ನೆ ಅವರು ನಮ್ಮ ಬೀದಿಯಲ್ಲಿ ಕಾರು ನಿಲ್ಲಿಸಿದಾಗ ನಾನೇ ನಿಂತು ನೋಡಿದೆ. ಆಯಮ್ಮ ಮೊದಲು ಮಡಿಲಲ್ಲಿದ್ದ ನೀಲಿ ಬಾಗಿಲಿನ ಹಿಡಿಕೆ ಎಳೆದಳು, ಅದು ಟಕ್ ಎಂದ ಮೇಲೆ ಬಿಳಿ ಬಾಗಿಲು ತೆಗೆದು ಇಳಿದಳು.

"ಹೆಂಗಿತ್ತಮ್ಮ ಸವಾರಿ?" ಎಂದು ಕೇಳಿದೆ.

"ಚೆನ್ನಾಗಿತ್ತು ಸಾರ್. ಗಾಳಿ ಸ್ವಲ್ಪ ಜಾಸ್ತಿ ಹೊಡೀತಿತ್ತು. ಗಾಜು ಏರಿಸ್ಕೊಂಡೆ."

ಯಾವ ಬಾಗಿಲಿನ ಗಾಜು ಎಂದು ನಾನು ಕೇಳಲಿಲ್ಲ. ಮಡಿಲ ಮೇಲಿನದೆಂದು ಇಬ್ಬರಿಗೂ ಗೊತ್ತಿತ್ತು.