ಹದಿಮೂರನೆಯ ಮೆಂಬರು

ನಮ್ಮೂರಿನ ಪುರಸಭೆಗೆ ಹನ್ನೆರಡು ಮಂದಿ ಮೆಂಬರುಗಳು. ಹದಿಮೂರನೆಯವಳು ನಮ್ಮ ಸೋದರತ್ತೆ! ಅವಳನ್ನು ಯಾರೂ ಆರಿಸಿರಲಿಲ್ಲ. ಆದ್ದರಿಂದಲೇ ಅವಳನ್ನು ಇಳಿಸುವುದೂ ಯಾರ ಕೈಲೂ ಆಗುತ್ತಿರಲಿಲ್ಲ.

ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಮುಂಚಿನ ಮಾತು. ಹಾಸನದ ಸೀಮೆಯಲ್ಲೇ ಇರುವ ಆ ಊರಿನ ಹೆಸರು ಹೇಳುವುದಿಲ್ಲ. ಆ ಹನ್ನೆರಡು ಮಂದಿಯ ಮೊಮ್ಮಕ್ಕಳು ಇನ್ನೂ ಅಲ್ಲೇ ಇದ್ದಾರೆ! ಅತ್ತೆಯನ್ನು ಅರಕಲಗೂಡಿಗೆ ಕೊಟ್ಟಿತ್ತು. ಗಂಡ ತೀರಿಕೊಂಡ ಮೇಲೆ ನಮ್ಮ ಮನೆಗೇ ಬಂದಿದ್ದಳು. ನಾನು ಪುರಸಭೆಯ ಗುಮಾಸ್ತ. ಸಭೆಯ ನಡವಳಿ ಬರೆಯುವವನು. ಬರೆಯುವುದಕ್ಕಾದರೂ ಏನಿತ್ತು ಅನ್ನುತ್ತೀರಿ? ಕೋಟೆ ಪಾರ್ಟಿಯವರು ಆರು, ಪೇಟೆ ಪಾರ್ಟಿಯವರು ಆರು. ಅಧ್ಯಕ್ಷರು ಯಾರಾಗಬೇಕೆಂಬುದೇ ಎರಡು ವರ್ಷವಾದರೂ ತೀರ್ಮಾನವಾಗಿರಲಿಲ್ಲ. ಹೆಣ್ಣುಮಕ್ಕಳ ಸ್ಕೂಲಿನ ಸೂರು ಸೋರುತ್ತಿತ್ತು. ಹೆಂಚು ಹಾಕಿಸೋಣ ಎಂದು ಕೋಟೆಯವರು ಅಂದರೆ ಪೇಟೆಯ ಆರು ಕೈ ಅಡ್ಡ. ಪೇಟೆಯವರು ಅಂದರೆ ಕೋಟೆಯ ಆರು ಕೈ ಅಡ್ಡ!

ಮೊದಮೊದಲು ಜನ ಕಿಟಕಿಗೆ ಜೋತುಬಿದ್ದು ನೋಡಿದರು. ನಾಟಕಕ್ಕಾದರೆ ಟಿಕೀಟು, ಇದು ಪುಕ್ಕಟೆ! ಆಮೇಲೆ ಅವರಿಗೂ ಬೇಜಾರಾಯಿತು. ಕೊನೆಗೆ ಉಳಿದವಳು, ಗೋಡೆ ಪಕ್ಕದ ಬೆಂಚಿನ ಮೇಲೆ ಎಲೆಅಡಿಕೆ ಜಗಿಯುತ್ತಾ ಕೂತ ನಮ್ಮ ಅತ್ತೆ ಒಬ್ಬಳೇ. ಯಾವ ಮೆಂಬರಾದರೂ ಮಾತು ಬದಲಿಸಿದರೆ, "ಏನ್ ಸಾ, ಆವತ್ತು ಬ್ಯಾರೆ ಅಂದಿದ್ರಲ್ಲಾ?" ಎಂದು ಅಲ್ಲಿಂದಲೇ ಕೇಳುತ್ತಿದ್ದಳು.

ಕಾಫಿ ಹೋಟೆಲಿನವನು ಒಂದು ದಿನ ಅವಳಿಗೆ ಕೈಮುಗಿದ. "ಬಿಟ್ಟಾಕಮ್ಮಾ. ಇಬ್ರೂ ಒಂದೇಯ. ಈ ಸಲ ನಾವ್ಯಾರೂ ಓಟೇ ಹಾಕಾಕಿಲ್ಲ."

"ಕಂದಾಯ ಕಟ್ಟೋ ಆಸ್ತಿ ಇಲ್ದ ನಂಗೆ ಓಟೇ ಇಲ್ಲ ಕಣ್ಲಾ! ಇರೋ ನೀನು ಬ್ಯಾಡ ಅಂತೀಯಾ? ನೀವು ಮುನಿಸ್ಕೊಂಡು ಮನೇಲಿ ಕೂತ್ರೆ ಅವ್ರಿಗೆ ಹಬ್ಬ ಕಣ!"

ಮುಂದಿನ ಸಭೆಯ ದಿನ ಬೆಳಿಗ್ಗೆ ನಾನು ಬಾಗಿಲು ತೆಗೆಯುವುದೇ ತಡ, ಅತ್ತೆ ಮೂವತ್ತು ಹುಡುಗಿಯರನ್ನೂ ಅವರ ಮೇಡಮ್ಮನವರನ್ನೂ ಕರೆತಂದು ಒಳಗೆ ಕೂರಿಸಿಯೇಬಿಟ್ಟಳು. ಮಳೆ ಬಿದ್ದು ಸ್ಕೂಲಿನಲ್ಲಿ ಪಾದ ಮುಳುಗುವಷ್ಟು ನೀರು.

"ಇಲ್ಲಿ ಸೋರಾಕಿಲ್ಲ, ಕೆಲ್ಸಾನೂ ನಡ್ಯಾಕಿಲ್ಲ. ಪಾಠನಾದ್ರೂ ನಡೀಲಿ!" ಅಂದಳು.

ಸುದ್ದಿ ಹಬ್ಬಿ ಕಿಟಕಿಗಳು ಮತ್ತೆ ತುಂಬಿದವು. ಮೆಂಬರುಗಳು ಬಂದರು, ಕೆಂಡವಾದರು. ಈ ಹೆಂಗಸನ್ನು ಆಚೆ ಕಳಿಸಬೇಕೆಂದು ಕೋಟೆಯ ಮುಖಂಡರು ಠರಾವು ಮಂಡಿಸಿದರು. ಪೇಟೆಯ ಮುಖಂಡರು ಅನುಮೋದಿಸಿದರು! ಹನ್ನೆರಡೂ ಕೈ ಮೇಲೆದ್ದವು. ಎರಡು ವರ್ಷದಲ್ಲಿ ಮೊದಲನೆಯ ಸರ್ವಾನುಮತ! ಅದನ್ನು ಬರೆದವನು ನಾನೇ.

ಅತ್ತೆ ಚಪ್ಪಾಳೆ ತಟ್ಟಿದಳು. "ನೋಡಿದ್ರಾ! ಕೈ ಒಂದಾಯ್ತವೆ! ಇಳಿಸ್ಬ್ಯಾಡಿ ಸಾ, ಅಂಗೇ ಇರ್ಲಿ. ಸ್ಕೂಲಿನ ಸೂರಿಗೂ ಒಂದ್ಸಲ ಎತ್ಬುಡಿ, ನಾನೇ ಎದ್ದೋಯ್ತೀನಿ."

ಕಿಟಕಿಯಲ್ಲಿ ಹೋಟೆಲಿನವನು ಕೂಗಿದ: "ಎತ್ರೀ ಕೈಯ! ಓಟಿನ ದಿನ ನಾವೂ ಬತ್ತೀವಿ!" ಅವನ ಹಿಂದೆ ಇನ್ನೂ ಐವತ್ತು ಗಂಟಲು.

ಇಳಿದಿದ್ದ ಕೈಗಳಲ್ಲಿ ಒಂದು ಮತ್ತೆ ಎದ್ದಿತು. ಅದನ್ನು ನೋಡಿ ಪಕ್ಕದ್ದು, ಆಮೇಲೆ ಉಳಿದವೂ. ಹೆಂಚು ಮಂಜೂರಾಯಿತು!

ಎಲ್ಲರೂ ಹೋದ ಮೇಲೆ ನಾನು ತಲೆ ತಗ್ಗಿಸಿ ಹೇಳಿದೆ: "ಅತ್ತೆ, ನಿನ್ನ ಆಚೆಗೆ ಹಾಕೋ ಠರಾವು ನಾನೇ ಬರೀಬೇಕಾಯ್ತು. ಬೇಜಾರ್ ಮಾಡ್ಕೋಬೇಡ."

ಅವಳು ಬೈಯಲಿಲ್ಲ. ಹತ್ತಿರ ಬಂದು ಪುಸ್ತಕದ ಮೇಲೆ ಬಗ್ಗಿದಳು.

"ಇದ್ರಲ್ಲಿ ನನ್ನೆಸ್ರು ಬರ್ದಿದ್ದೀಯಾ? ಎಲ್ಲಿ, ತೋರ್ಸು ಮಗಾ."

ತೋರಿಸಿದೆ. ಅರವತ್ತು ವರ್ಷದಲ್ಲಿ ಅವಳು ಒಮ್ಮೆಯೂ ಅಕ್ಷರದಲ್ಲಿ ಕಾಣದ ಹೆಸರು. ಸೆರಗಿನಲ್ಲಿ ಬೆರಳು ಒರೆಸಿಕೊಂಡು, ಮಸಿಗೆ ತಾಗದ ಹಾಗೆ, ಅದರ ಕೆಳಗೆ ಆ ಬೆರಳನ್ನು ಮೆಲ್ಲಗೆ ಎಳೆದಳು.

"ಇಷ್ಟುದ್ದ ಐತಾ?" ಅಂದಳು.