ಕಂಪನಿಗೆ ಕಾಲು ತೊಳೆದು ಹೋದ ಮಾವ

ನಮ್ಮ ಸೋದರಮಾವನನ್ನು ಸಂದರ್ಶನಕ್ಕೆ ಕರೆದ ಕಂಪನಿ ಈ ಭೂಮಿಯ ಮೇಲೆ ಒಂದೂ ಇಲ್ಲ. ಆದರೆ ಅವರೇ ಸಂದರ್ಶನ ಮಾಡಿದ ಕಂಪನಿಯೊಂದಿದೆ! ನಾನು ದುಡಿಯುತ್ತಿದ್ದ ದೊಡ್ಡ ಸಾಫ್ಟ್‌ವೇರ್ ಕಂಪನಿ.

ಕೈಲಾಂಚದ ಹತ್ತಿರ ಮಾವನದು ರೇಷ್ಮೆ ಬೆಳೆ. ಅವರ ಮಗಳಿಗೂ ನಮ್ಮ ಕಂಪನಿಯಲ್ಲೇ ಕೆಲಸ ಸಿಕ್ಕಿತು. ಕೇಳಿದವರೆಲ್ಲ ಖುಷಿಪಟ್ಟರೆ ಮಾವ ಮಾತ್ರ, ಅಲ್ಲಿನ ಒಳ್ಳೇದು ಕೆಟ್ಟದ್ದು ಎರಡೂ ತಿಳಿಯದೆ ಕಳಿಸುವುದಿಲ್ಲ ಎಂದು ಕೂತುಬಿಟ್ಟರು. ನಾನು ಊರಿಗೆ ಹೋದಾಗಲೆಲ್ಲ ವಿಚಾರಣೆ. ಅಷ್ಟು ಜನ ಸೇರಿ ಮಾಡುವುದಾದರೂ ಏನು? ಮಾಡಿದ್ದನ್ನು ಯಾವ ಗಾಡಿಗೆ ತುಂಬುತ್ತಾರೆ? ತೂಕ ಹಾಕುವವರು ಯಾರು? ಊಟ ಬಿಟ್ಟಿ, ಬಸ್ಸೂ ಬಿಟ್ಟಿ ಎಂದೆ. ಬಿಟ್ಟಿ ಎಂದದ್ದೇ ತಪ್ಪಾಯಿತು, ಹುಬ್ಬು ಮೇಲೇರಿತು. ಹುಳುವಿಗೆ ಹೊತ್ತು ಹೊತ್ತಿಗೆ ಸೊಪ್ಪು ಹಾಕುವವನ ಕಣ್ಣು ಅದು ಕಟ್ಟುವ ರೇಷ್ಮೆಗೂಡಿನ ಮೇಲಿರುತ್ತದಂತೆ!

ಅಷ್ಟರಲ್ಲಿ, ನೌಕರರು ಮನೆಯವರನ್ನು ಕರೆತರಬಹುದಾದ ದಿನವೊಂದು ಬಂತು. ಬರುವ ಸೋಮವಾರ ಸೇರದಿದ್ದರೆ ಹುಡುಗಿಯ ಕೆಲಸ ಕೈತಪ್ಪುತ್ತಿತ್ತು. ಸರಿ, ನೀವೇ ಬಂದು ನೋಡಿ ಎಂದೆ. ಮಾವ ಗರಿಗರಿ ಪಂಚೆ ಉಟ್ಟು ಹೊರಟರು.

ಗಾಜಿನ ಬಾಗಿಲು ತೆರೆದು ತಣ್ಣನೆ ಗಾಳಿ ಬಡಿದದ್ದೇ ತಡ, ಗಕ್ಕನೆ ನಿಂತರು. ಹಿಂದಕ್ಕೆ ಬಂದು ಚಪ್ಪಲಿ ಬಿಟ್ಟರು. ಅಂಗಳದ ಕಾರಂಜಿಯಲ್ಲಿ ಎರಡೂ ಕಾಲು ತೊಳೆದುಕೊಂಡರು! ಹುಳುಗಳಿಗೆ ರೋಗ ತಗುಲದಿರಲೆಂದು ಜೀವಮಾನವಿಡೀ ಕಾಲು ತೊಳೆದೇ ಹುಳುಮನೆಗೆ ಹೋದವರು. ತಂಪು ಕಾಪಾಡಿದ ಜಾಗವೆಲ್ಲ ಅವರಿಗೆ ಹುಳುಮನೆಯೇ. ಗಾಬರಿಯಿಂದ ಓಡಿಬಂದ ಸೆಕ್ಯೂರಿಟಿಯವನಿಗೆ, ನೀನೂ ತೊಳ್ಕೊ ಎಂದು ಜಾಗ ಬಿಟ್ಟುಕೊಟ್ಟರು. ಒಳಗೆ ತುದಿಗಾಲಲ್ಲೇ ನಡೆದರು. ಹುಳುಗಳಿಗೆ ಆಗದ ಸೆಂಟು ಹೊಡೆದುಕೊಂಡು ಎದುರಾದ ನಮ್ಮ ಮ್ಯಾನೇಜರನ್ನು ಮೂಸಿ, "ಇಂಗೆ ವಾಸ್ನೆ ಬಳ್ಕಂಡೋರ್ನ ಒಳಿಕ್ಕೆ ಯಾರವ್ವ ಬುಟ್ಟೋರು?" ಎಂದು ನನ್ನನ್ನೇ ಕೇಳಿದರು. ಆ ಪುಣ್ಯಾತ್ಮನಿಗೆ ಕನ್ನಡ ಬರುತ್ತಿರಲಿಲ್ಲ, ನಾನು ಬದುಕಿಕೊಂಡೆ.

ವಾಪಸು ಬರುವಾಗ ಬಸ್ಸಿನಲ್ಲಿ ವರದಿ ಶುರುವಾಯಿತು. ನೆರಳುಂಟು, ಹೊಟ್ಟೆ ತುಂಬ ಊಟವುಂಟು, ಮಳೆ ಬಿಸಿಲಿನ ಹಂಗಿಲ್ಲ, ಇದೆಲ್ಲ ಒಳ್ಳೇದು. ಕಿಟಕಿ ತೆಗೆಯಲು ಬರುವುದಿಲ್ಲ, ಪಕ್ಕಪಕ್ಕ ಕೂತವರೂ ಮಾತಾಡುವುದಿಲ್ಲ, ಇದು ಕೆಟ್ಟದ್ದು. ತೀರ್ಪು ಏನೆಂದು ನಾನು ಕಾಯುತ್ತಿದ್ದೆ. ಬಿಡದಿ ದಾಟಿದ ಮೇಲೆ ಮಾವ ದನಿ ತಗ್ಗಿಸಿದರು.

"ಅಲ್ಲ ಕಣವ್ವ, ಅಲ್ಲಿ ನಿಂಗೆ ಅಳು ಬಂದ್ರೆ ಯಾರಿಗಾದ್ರೂ ಗೊತ್ತಾಯ್ತದಾ?"

ಸಂಬಳ ಎಷ್ಟೆಂದು ನೆಂಟರೆಲ್ಲ ಕೇಳಿದ್ದರು. ಇದನ್ನು ಯಾರೂ ಕೇಳಿರಲಿಲ್ಲ. ಅವರ ಮಗಳ ಕೆಲಸ ನನ್ನ ಉತ್ತರದ ಮೇಲೆ ನಿಂತಿದೆಯೆಂದು ಗೊತ್ತಿದ್ದರೂ ಸುಳ್ಳು ಹೇಳಲು ಬಾಯಿ ಬರಲಿಲ್ಲ. ಇಲ್ಲ ಮಾವ ಎಂದೆ. ಹೇಳುತ್ತಲೇ ಕಣ್ಣು ತುಂಬಿತು. ಹುಡುಗಿಯ ಕೆಲಸ ಹೋಯಿತು ಎಂದುಕೊಂಡೆ.

ಮಾವ ನನ್ನ ತಲೆಯ ಮೇಲೆ ಕೈಯಿಟ್ಟರು.

"ಸೋಮವಾರ ಅವಳ್ನ ಕರ್ಕೊಂಡು ಹೋಗವ್ವ. ನಿಂಗೆ ಅಳು ಬಂದ್ರೆ ನಿನ್ ಮಖ ನೋಡಿ ಅವಳಿಗೆ ಗೊತ್ತಾಯ್ತದೆ."