ಬಯ್ಯೂಮಿಯ ಕೆಮ್ಮು ವಾಸಿಯಾದದ್ದು

ಚಹಾ-ಕಾಫಿ ತರುವ ಬಯ್ಯೂಮಿಯ ಕೆಮ್ಮು ವಾಸಿಯಾದದ್ದೇ ರಶ್ವಾನನ ಕಷ್ಟಕ್ಕೆ ಮೂಲ.

ನೀರಾವರಿ ಕಚೇರಿಗೆ ಎಷ್ಟೋ ನಿರ್ದೇಶಕರು ಬಂದರು, ಹೋದರು. ಹದಿನೈದು ವರ್ಷದಿಂದ ಅವರೆಲ್ಲರ ಹಿಂದೆ ಕಾಫಿ ತಟ್ಟೆ ಹಿಡಿದು ಮೆಟ್ಟಿಲೇರುವಾಗ ಬಯ್ಯೂಮಿ ಕೆಮ್ಮುತ್ತಿದ್ದ. ಕೆಮ್ಮು ಮೊದಲ ಮಹಡಿಯಲ್ಲಿ ಕೇಳಿದೊಡನೆ ಗುಮಾಸ್ತ ರಶ್ವಾನ್ ಕುರ್ಚಿಯಿಂದ ಏಳಲು ಶುರುಮಾಡುತ್ತಿದ್ದ. ಅದು ಎರಡನೆಯ ಮಹಡಿಗೆ ಬರುವಷ್ಟರಲ್ಲಿ ಎದ್ದು ನಿಂತಿರುತ್ತಿದ್ದ. ಅವನಿಗೆ ಅಷ್ಟು ಹೊತ್ತು ಬೇಕೇಬೇಕು. ತಟ್ಟನೆ ಎದ್ದರೆ ತೊಡೆಗಳು ಒಣಗಿದ ಗಾರೆಯ ಹಾಗೆ ಬಿಗಿದುಕೊಳ್ಳುತ್ತವೆ. ಕೈಯೂ ಅಷ್ಟೆ, ಹಿಡಿದದ್ದನ್ನು ಬೇಗ ಬಿಡದು. ಅವನಿಂದ ಖಾಲಿ ಲೋಟ ವಾಪಸು ಪಡೆಯುವಾಗ ಬಯ್ಯೂಮಿ ಹತ್ತರವರೆಗೆ ಎಣಿಸುತ್ತಾನೆ. ಕೈಕಾಲು ನಾಲ್ಕಾರು ಸಲ ಆಡಿಸಿ ಸಡಿಲವಾದ ಮೇಲೆ ಮಾತ್ರ ರಶ್ವಾನ್ ಕುದುರೆಯ ಹಾಗೆ ಓಡಬಲ್ಲ.

"ಸ್ನಾಯುವಿನ ಗೋಡೇಲಿ ಸಣ್ಣ ಸಣ್ಣ ಕಾಲುವೆ ಇರ್ತಾವಪ್ಪಾ," ಎಂದು ದೊಡ್ಡಾಸ್ಪತ್ರೆಯ ವೈದ್ಯೆ ವಿವರಿಸಿದ್ದಳು. "ಉಪ್ಪಿನ ಅಯಾನುಗಳು ಅದರಲ್ಲಿ ಓಡಾಡಿದ್ರೇನೇ ಅದು ಬಿಗಿಯೋದು, ಸಡಿಲ ಆಗೋದು. ನಿನಗೆ ಸಡಿಲ ಮಾಡೋ ಕಾಲುವೆ ಹುಟ್ಟಿನಿಂದ್ಲೇ ಸರಿಯಾಗಿ ತೆರೆಯಲ್ಲ. ಇಂಥದೇ ಬೇರೊಂದು ಕಾಲುವೆ ಹೃದಯದಲ್ಲಿ ಕೆಟ್ಟವರು ನಿಂತಲ್ಲೇ ಬೀಳ್ತಾರೆ. ನೀನು ಕೂತಲ್ಲೇ ಕೂರ್ತೀಯ, ಅಷ್ಟೇ. ಪುಣ್ಯವಂತ!"

ಪುಣ್ಯ ಆ ಸೋಮವಾರದವರೆಗೆ ಉಳಿದಿತ್ತು. ಹೆಂಡತಿ ಕುಡಿಸಿದ ಸೀಬೆ ಎಲೆಯ ಕಷಾಯಕ್ಕೆ ಬಯ್ಯೂಮಿಯ ಕೆಮ್ಮು ಹೋಯಿತು. ಹೊಸ ನಿರ್ದೇಶಕ ಶೌಕತ್ ಸದ್ದಿಲ್ಲದೆ ಒಳಬಂದ. ಎಲ್ಲರೂ ಕಾದ ಬಾಣಲೆಯ ಕಡಲೆಯಂತೆ ಚಿಮ್ಮಿ ನಿಂತರು. ರಶ್ವಾನ್ ಕುರ್ಚಿಯಿಂದ ಒಂದು ಗೇಣು ಮೇಲೆದ್ದು ಅಲ್ಲೇ ಸಿಕ್ಕಿಕೊಂಡ.

"ಏನಿದು? ಕೂತಿದಾನೋ, ನಿಂತಿದಾನೋ?"

"ಎರಡರ ಮಧ್ಯೆ ಇದೀನಿ ಸಾಹೇಬ್ರೇ. ಸ್ವಲ್ಪ ತಡೀರಿ."

"ನಾನು ತಡೀಬೇಕಾ! ಮಧ್ಯಾಹ್ನ ಕೈರೋದಿಂದ ಉಪಕಾರ್ಯದರ್ಶಿಗಳು ಬರ್ತಾರೆ. ಅವರ ಮುಂದೆ ಈ ಆಟ ಆಡಿದ್ರೆ ನಾಳೇನೇ ಮರುಭೂಮಿ ಶಾಖೆಗೆ ವರ್ಗ!"

ವರ್ಗವೆಂದರೆ ರಶ್ವಾನನಿಗೆ ಭಯ. ಮಗಳು ನಿಹಾಲಳ ಶಾಲೆಯ ಕೊನೆಯ ವರ್ಷದ ಪರೀಕ್ಷೆಗೆ ಇನ್ನು ಎರಡೇ ತಿಂಗಳು. ತಾಯಿಯಿಲ್ಲದ ಹುಡುಗಿ. ರಶ್ವಾನ್ ಎದುರು ಕೂತರೆ ಮಾತ್ರ ಪುಸ್ತಕ ತೆರೆಯುವಳು. ಈಗ ಊರು ಬಿಟ್ಟರೆ ಅವಳ ವರ್ಷ ಮುಳುಗಿದಂತೆ.

ನಿರ್ದೇಶಕನ ಬೆನ್ನು ಮರೆಯಾದದ್ದೇ ಪಕ್ಕದ ಮೇಜಿನ ಅಫ್ಕಾರ್ ಮೇಡಂ ಮಡಿಲಲ್ಲಿ ಬಿಡಿಸುತ್ತಿದ್ದ ಮುಲೂಖಿಯಾ ಸೊಪ್ಪನ್ನು ಬದಿಗಿಟ್ಟು ಚಪ್ಪಾಳೆ ತಟ್ಟಿದಳು. "ಭಲೇ! ಈ ಕಚೇರೀಲೂ ಒಬ್ಬ ಗಂಡಸಿದಾನೆ!"

"ಮೇಡಂ, ಇದು ಕಾಯಿಲೆ."

"ಹೂಂ, ಹೂಂ, ಕಾಯಿಲೆ." ಅವಳು ಕಣ್ಣು ಮಿಟುಕಿಸಿದಳು. "ನಂಗೆ ಆ ಕಾಯಿಲೆ ಬರಲಿಲ್ವಲ್ಲ!"

ನಕ್ಷೆ ವಿಭಾಗದ ಫತ್ಹಲ್ಲಾನಿಗೆ ಬೇರೆ ಯೋಚನೆ. "ಒಂದು ಕೋಲು ಹಿಡ್ಕೊಂಡು ಕುಂಟು ಮಾರಾಯ. ನಡುನಡುವೆ ಒಂಚೂರು ಅಳು. ಒಂದು ಕ್ಷಮಾಪಣೆ ಬರೆದಿಡು. ನಾನೇ ಬರೆದ್ಕೊಡ್ಲಾ?"

ರಶ್ವಾನ್ ವೈದ್ಯೆಯ ಪತ್ರ ಹಿಡಿದು ನೇರ ನಿರ್ದೇಶಕನ ಕೋಣೆಗೆ ಹೋದ. ಶೌಕತ್ ಓದಿದ. ಕಿವಿ ಕೆಂಪಾಯಿತು.

"ಕಾಲುವೆ ಸರಿಯಾಗಿ ತೆರೆಯೋದಿಲ್ಲ... ನೀರಾವರಿ ನಿರ್ದೇಶಕನಿಗೇ ಕಾಲುವೆ ಪಾಠ ಹೇಳ್ತೀಯಾ? ನಡಿ ಆಚೆ!"

ಹೊರಬಂದಾಗ ರಶ್ವಾನನ ಭಯವೆಲ್ಲ ಇಳಿದು ಅದರ ಜಾಗದಲ್ಲಿ ಬಿಸಿ ಬಿಸಿಯಾದದ್ದೇನೋ ತುಂಬಿಕೊಂಡಿತ್ತು. "ಕುಂಟಲ್ಲ, ಅಳಲ್ಲ, ಬರೆಯಲ್ಲ!" ಎಂದು ಇಡೀ ಕೋಣೆಗೆ ಕೇಳುವಂತೆ ಸಾರಿದ. "ನನ್ನ ಕಾಲು ಯಾರ ಮುಖ ನೋಡ್ಕೊಂಡೂ ಏಳಲ್ಲ. ಏಳ್ಬೇಕು ಅಂತ ನನಗನಿಸಿದಾಗ ಏಳ್ತೀನಿ. ಈಗ ಅನಿಸಿದೆ!"

ಹನ್ನೆರಡೂವರೆಗೇ ಮೇಜಿನ ಪಕ್ಕ ನೆಟ್ಟಗೆ ನಿಂತುಬಿಟ್ಟ. ಮುಕ್ಕಾಲು ಗಂಟೆ ಕಳೆಯಿತು. "ಕೂತು ಈ ಫಲಾಫೆಲ್ ವಡೆ ಆದ್ರೂ ತಿನ್ನೋ," ಎಂದು ಅಫ್ಕಾರ್ ಅಂಗಲಾಚಿದಳು. ಅವನು ಮಿನಾರಿನಂತೆ ಅಲುಗಲಿಲ್ಲ.

ಕೊನೆಗೂ ಉಪಕಾರ್ಯದರ್ಶಿ ಬಂದರು. ಗುಂಡಗೆ, ನಗುನಗುತ್ತ. ಎಲ್ಲರೂ ಚಿಮ್ಮಿದರು. ಅವರು ಎರಡೂ ಕೈ ಬೀಸಿದರು.

"ಕೂತ್ಕೊಳ್ರಪ್ಪಾ, ಕೂತ್ಕೊಳ್ಳಿ! ನನಗೋಸ್ಕರ ಯಾರಾದ್ರೂ ಎದ್ದು ನಿಂತ್ರೆ ಮೈಯೆಲ್ಲ ಉರಿಯುತ್ತೆ!"

ಇಡೀ ಕಚೇರಿ ಧೊಪ್ಪನೆ ಕೂತಿತು. ರಶ್ವಾನನೂ ಮಂಡಿ ಮಡಿಸಲು ನೋಡಿದ. ಮುಕ್ಕಾಲು ಗಂಟೆ ಅಲುಗದ ಮಂಡಿ, ಮಡಿಯಲಿಲ್ಲ.

"ಕೂತ್ಕೋ!" ಎಂದು ಶೌಕತ್ ಹಲ್ಲು ಕಚ್ಚಿದ.

ರಶ್ವಾನ್ ಕಾಲು ನೋಡಿಕೊಂಡ, ನಿರ್ದೇಶಕನನ್ನು ನೋಡಿದ. ಹೇಗೂ ಹೋಗುವುದು ಹೋಗಿಯಾಯಿತು.

"ಕೂರಲ್ಲ. ಬೆಳಿಗ್ಗೆ ಏಳು ಅಂದ್ರಿ, ಏಳಲಿಲ್ಲ. ಈಗ ಕೂರು ಅಂತೀರಿ, ಕೂರಲ್ಲ. ಮರುಭೂಮಿಗೂ ಹೋಗಲ್ಲ. ಏನ್ ಮಾಡ್ಕೋತೀರೋ ಮಾಡ್ಕೊಳ್ಳಿ!"

ಉಪಕಾರ್ಯದರ್ಶಿಗಳ ಕಣ್ಣು ತೇವವಾಯಿತು.

"ಮೂವತ್ತು ವರ್ಷದ ನೌಕರೀಲಿ 'ಇಲ್ಲ' ಅನ್ನೋ ಗುಮಾಸ್ತನ್ನ ಇವತ್ತೇ ಕಂಡೆ! ಯಾವ ಮರುಭೂಮಿ? ಆ ವರ್ಗ ರದ್ದು!" ಎಂದು ಕೈ ಚಾಚಿದರು. ರಶ್ವಾನ್ ಆನಂದದಿಂದ ಆ ಕೈಯನ್ನು ಗಟ್ಟಿಯಾಗಿ ಹಿಡಿದ.

"ಇಂಥ ಬೆನ್ನೆಲುಬು ಕೈರೋದಲ್ಲಿರ್ಬೇಕು! ನಾಳೆಯಿಂದ ನೀನು ನಮ್ಮ ಸ್ವಾಗತ ವಿಭಾಗದ ಮುಖ್ಯಸ್ಥ. ದಿನಕ್ಕೆ ನೂರು ಅತಿಥಿಗಳು. ಬಂದವರಿಗೆಲ್ಲ ಎದ್ದು ಕೈಕುಲುಕೋದು, ಅಷ್ಟೇ ಕೆಲಸ. ಬೇಡ ಅಂದ್ರೆ ಈಗಲೇ ನನ್ನ ಕೈ ಬಿಡು, ನೋಡೋಣ!"

"ಬೇಡ!" ಎಂದ ರಶ್ವಾನ್. ಕೈ ಬಿಡಲಿಲ್ಲ.

"ಮೂರು ಸಲ ಬೇಡ ಅಂದು ಆಮೇಲೆ ಒಪ್ಪೋದೇ ಮರ್ಯಾದೆ," ಎಂದು ಉಪಕಾರ್ಯದರ್ಶಿ ತಲೆದೂಗಿದರು.

"ಬೇಡ ಸಾಹೇಬ್ರೇ, ಬೇಡ! ಮಗಳ ಪರೀಕ್ಷೆ ಇದೆ!"

"ಮೂರು ಸಲವೂ ಆಯ್ತು! ಮನೆತನ ಅಂದ್ರೆ ಇದು. ಬಾಯಿ ಏನಾದ್ರೂ ಅನ್ಲಿ, ಈ ಹಿಡಿತ ನೋಡಿ!"

ಕಚೇರಿಯೆಲ್ಲ ಚಪ್ಪಾಳೆ ತಟ್ಟಿತು. ಎಲ್ಲರಿಗಿಂತ ಜೋರಾಗಿ ತಟ್ಟಿದವನು ಶೌಕತ್. ತಟ್ಟಿದ ಕೈಯಲ್ಲೇ ಆದೇಶ ಬರೆದು ಮೊಹರು ಹುಡುಕಿದ. ಬಾಗಿಲಲ್ಲಿ ತಟ್ಟೆ ಹಿಡಿದು ನಿಂತ ಬಯ್ಯೂಮಿ ಮಾತ್ರ ತುಟಿಯಲ್ಲೇ ಎಣಿಸುತ್ತಿದ್ದ: ಏಳು... ಎಂಟು... ಒಂಬತ್ತು...

ಹತ್ತಕ್ಕೆ ಸರಿಯಾಗಿ ರಶ್ವಾನನ ಬೆರಳು ಸಡಿಲವಾದವು. ಅಷ್ಟರಲ್ಲಿ ಮೊಹರು ಬಿದ್ದಾಗಿತ್ತು.

ಏನು ಮಾಡಬೇಕೆಂದು ತೋಚದೆ ಬಯ್ಯೂಮಿ ಒಮ್ಮೆ ಕೆಮ್ಮಿದ.